ಬುಗುರಿ ಎತ್ತ ನೋಡುತ್ತಾಳೆ

ಡ್ರೈವಿಂಗ್ ಮೇಷ್ಟ್ರಿಗೆ ಹೆದರಿಕೆಯೇ ಹೊಟ್ಟೆಪಾಡು. ಕ್ಲಚ್ ಯಾವುದು ಬ್ರೇಕ್ ಯಾವುದು ಎಂದು ತಿಳಿಯದವರ ಕೈಗೆ ಕಾರು ಕೊಟ್ಟು, ತಾವು ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಹತ್ತೊಂಬತ್ತು ವರ್ಷ ಕಳೆದವರು ಅವರು. ಆ ಮೂಲೆಯಿಂದ ಸೈಕಲ್ ನುಗ್ಗಬಹುದು, ಈ ಗೇಟಿನಿಂದ ಮಗು ಓಡಿಬರಬಹುದು, ಮುಂದಿನ ಲಾರಿ ಹೇಳದೆ ಕೇಳದೆ ನಿಂತುಬಿಡಬಹುದು. ಆಗಬಹುದಾದ್ದನ್ನೆಲ್ಲ ಆಗುವ ಮುಂಚೆಯೇ ಯೋಚಿಸಿಟ್ಟುಕೊಳ್ಳುವುದು ಅವರ ಕೆಲಸ. ಮನೆಗೆ ಬಂದ ಮೇಲೂ ಆ ಚಾಳಿ ಬಿಡುತ್ತಿರಲಿಲ್ಲ. ಒಲೆಯ ಮೇಲೆ ಹಾಲಿದ್ದರೆ ಉಕ್ಕೀತು, ಮಗಳು ಮೆಟ್ಟಿಲಿಳಿದರೆ ಜಾರಿಯಾಳು. "ನಿಮ್ಮ ಜೊತೆ ಬಾಳೋದು ಅಂದ್ರೆ ದಿನಾ ಲೈಸೆನ್ಸ್ ಟೆಸ್ಟ್ ಕೊಟ್ಟ ಹಾಗೆ ಕಣ್ರೀ," ಎನ್ನುತ್ತಿದ್ದಳು ಔಷಧದಂಗಡಿಯಲ್ಲಿ ಕೆಲಸಕ್ಕಿದ್ದ ಹೆಂಡತಿ.

ಮಗಳಿಗೆ ಹನ್ನೆರಡು ವರ್ಷ. ಹೆಸರೇನಿದ್ದರೂ ಅದು ಶಾಲೆಯ ಹಾಜರಿ ಪುಸ್ತಕಕ್ಕೆ. ಮನೆಯಲ್ಲಿ, ಬೀದಿಯಲ್ಲಿ, ಮೈದಾನದಲ್ಲಿ ಅವಳು ಬುಗುರಿ. ನಡೆಯಲು ಕಲಿತಂದಿನಿಂದ ನಿಂತಲ್ಲಿ ನಿಂತವಳಲ್ಲ. ಫುಟ್‌ಬಾಲ್ ಕಾಲಿಗೆ ಸಿಕ್ಕ ಮೇಲಂತೂ ಕೇಳುವುದೇ ಬೇಡ. ಚೆಂಡು ಎಲ್ಲೋ ಬುಗುರಿ ಅಲ್ಲಿ. ಮಂಡಿಯ ಗಾಯ ಒಂದು ಒಣಗುವಷ್ಟರಲ್ಲಿ ಇನ್ನೊಂದು ತಯಾರು.

ಒಂದು ಮಂಗಳವಾರ ಸಂಜೆ, ಅಭ್ಯಾಸ ಮುಗಿದು ಹುಡುಗಿಯರು ನೀರು ಕುಡಿಯಲು ಓಡಿದ ಹೊತ್ತಿನಲ್ಲಿ, ಕೋಚ್ ಮೇಡಂ ಮೇಷ್ಟ್ರನ್ನು ಬೆಂಚಿನ ಹತ್ತಿರ ಕರೆದರು. ಒಂದು ಕಾಲದಲ್ಲಿ ತಾವೇ ಆಡಿ ಮಂಡಿ ಕಳೆದುಕೊಂಡ ಹೆಂಗಸು; ಮಾತು ನೇರ.

"ಮೇಷ್ಟ್ರೇ, ಲೀಗ್‌ಗೆ ಹದಿನಾರು ಜನರ ಪಟ್ಟಿ ಕೊಡ್ಬೇಕು. ಈಗ ಇಪ್ಪತ್ನಾಲ್ಕು ಮಕ್ಕಳಿದಾರೆ. ಇನ್ನು ಮೂರೂವರೆ ವಾರ ಟೈಮಿದೆ."

ಮೇಷ್ಟ್ರು ಕೇಳಿದರು, "ನಮ್ಮ ಬುಗುರಿ?"

"ಓಡ್ತಾಳೆ, ಬೀಳ್ತಾಳೆ, ಹೆದರಲ್ಲ. ಆದ್ರೆ ಚೆಂಡು ಬಿಟ್ಟು ಬೇರೇನೂ ನೋಡಲ್ಲ. ಕಾಲಿಗೆ ಬಂದ ಮೇಲೆ ತಲೆ ಎತ್ತಿ ಯಾರಿಗೆ ಕೊಡ್ಲಿ ಅಂತ ಹುಡುಕ್ತಾಳೆ. ಅಷ್ಟೊತ್ತಿಗೆ ಎದುರಿನವರು ಇಬ್ಬರು ಮೈಮೇಲೆ ಬಂದಿರ್ತಾರೆ. ಚೆಂಡು ಬರೋ ಮುಂಚೆ ಸುತ್ತ ನೋಡಿಟ್ಕೋಬೇಕು. ಈಗಿನ ಲೆಕ್ಕದಲ್ಲಿ ಅವಳು ಹದಿನಾರರಲ್ಲಿ ಇಲ್ಲ."

"ಏನು ಮಾಡಿದ್ರೆ ಸರಿಹೋಗುತ್ತೆ?"

"ದೊಡ್ಡವರ ಆಟ ನೋಡ್ಲಿ. ನೋಡಿದವರೆಲ್ಲ ಕಲೀತಾರೆ ಅಂತ ನಾನು ಬರೆದುಕೊಡಲ್ಲ. ಕೆಲವರಿಗೆ ಹಿಡಿಯುತ್ತೆ, ಕೆಲವರಿಗಿಲ್ಲ. ಇನ್ನೊಂದು ಮಾತು, ಇದನ್ನ ಅವಳಿಗೆ ಹೇಳೋಕೆ ಹೋಗ್ಬೇಡಿ. ಹೆದರಿಕೊಂಡ್ರೆ ಇರೋ ಆಟಾನೂ ಹೊರಟುಹೋಗುತ್ತೆ."

ಆ ಗುಟ್ಟು ಮೇಷ್ಟ್ರ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ದಾರಿಯುದ್ದಕ್ಕೂ ಬುಗುರಿ ಯಾರೋ ಗೆಳತಿಯ ಶೂ ಲೇಸಿನ ಕತೆ ಹೇಳುತ್ತಿದ್ದರೆ ಇವರು "ಹೂಂ, ಹೂಂ" ಎನ್ನುತ್ತ ಹಸಿರು ದೀಪ ಬಿದ್ದರೂ ಕಾರು ನಿಲ್ಲಿಸಿಕೊಂಡೇ ಕೂತಿದ್ದರು. ಹಿಂದಿನವರು ಹಾರ್ನ್ ಹೊಡೆದ ಮೇಲೆಯೇ ಎಚ್ಚರ.

ಮರುದಿನದಿಂದ ಟೀವಿಯ ಮುಂದೆ ಪಾಠ ಶುರುವಾಯಿತು. ಊಟವಾಗುತ್ತಲೇ ಅಪ್ಪ ಮಗಳು ಒಂದೇ ಸೋಫಾದ ಮೇಲೆ. ಯಾವ ದೇಶದ ಯಾವ ತಂಡವಾದರೂ ಸರಿ, ಹಳೆಯ ಪಂದ್ಯವಾದರೂ ಸರಿ. "ನೋಡು, ನೋಡು, ಅವಳು ಹೇಗೆ ಕೊಟ್ಟಳು," ಎಂದು ಮೇಷ್ಟ್ರು ಬೆರಳು ತೋರಿಸುವುದು, "ಹೂಂ ಅಪ್ಪ," ಎಂದು ಬುಗುರಿ ತಲೆಯಾಡಿಸುವುದು. ಫುಟ್‌ಬಾಲಿನಲ್ಲಿ ಮೇಷ್ಟ್ರ ವಿದ್ಯೆ ಅಷ್ಟಕ್ಕಷ್ಟೇ. ಯಾರಾದರೂ ಚೆಂಡು ಕಳೆದುಕೊಂಡರೆ ನಿಟ್ಟುಸಿರು, ಗೋಲಾದರೆ ಸೋಫಾದ ಕೈಗೆ ಗುದ್ದು, ಅಷ್ಟೇ.

"ಮಗು ಕಣ್ಣು ಕೆಂಪಾಗಿದೆ. ಆಡೋ ಹುಡುಗೀನ ಕೂರಿಸಿಕೊಂಡು ಆಟ ಕಲಿಸ್ತೀರಲ್ಲ, ಇದ್ಯಾವ ನ್ಯಾಯ?" ಎಂದಳು ಹೆಂಡತಿ.

"ನಿಂಗೊತ್ತಾಗಲ್ಲ, ಸುಮ್ನಿರು," ಎಂದರು ಮೇಷ್ಟ್ರು. ಹೆಂಡತಿಗೂ ಅವರು ವಿಷಯ ಹೇಳಿರಲಿಲ್ಲ. ಹೇಳಿದ್ದರೆ ಅವಳ ಮುಖ ನೋಡಿಯೇ ಬುಗುರಿಗೆ ತಿಳಿಯುತ್ತಿತ್ತು.

ಒಂದು ವಾರ ಹೀಗೆ ಹೋಯಿತು. ಮೈದಾನದಲ್ಲಿ ಬುಗುರಿಯ ಆಟ ಎಳ್ಳಷ್ಟೂ ಬದಲಾಗಲಿಲ್ಲ. ಬದಲಾದದ್ದು ಬೇರೆ: ಬೆಳಗಿನ ತಿಂಡಿ ಅರ್ಧಕ್ಕೇ ಬಿಡತೊಡಗಿದಳು, ಉಗುರು ಕಚ್ಚತೊಡಗಿದಳು. ಮೇಷ್ಟ್ರಿಗೆ ತಲೆಯೊಳಗೆ ಹುಳ ಬಿಟ್ಟಂತಾಯಿತು. ಹೇಳಿರಲಿಲ್ಲವಲ್ಲ, ಮತ್ತೇಕೆ ಹೀಗೆ?

ಆ ದಿನಗಳಲ್ಲಿ ಅವರ ಬಳಿ ಕಲಿಯಲು ಬರುತ್ತಿದ್ದವರಲ್ಲಿ ಲೈಬ್ರರಿ ಮೇಡಂ ಒಬ್ಬರು. ಐವತ್ತು ದಾಟಿದ, ನಗುಮೊಗದ ಹೆಂಗಸು. ಮೊದಲ ದಿನವೇ, "ಇಪ್ಪತ್ತಾರು ವರ್ಷ ಗಂಡನ ಪಕ್ಕ ಕೂತು ನೋಡಿದೀನಿ ಮೇಷ್ಟ್ರೇ, ನಂಗೆ ಎಲ್ಲಾ ಗೊತ್ತು, ಕೈ ಪಳಗೋದೊಂದು ಬಾಕಿ," ಎಂದು ಕೂತವರು, ಹತ್ತು ಗಜ ಹೋಗುವಷ್ಟರಲ್ಲಿ ಕಾರನ್ನು ಫುಟ್‌ಪಾತ್ ಮೇಲೆ ಹತ್ತಿಸಿ ಒಂದು ಹೂಕುಂಡ ಒಡೆದಿದ್ದರು. ಈಗ ಹದಿನೈದನೆಯ ಪಾಠ. ಆದರೂ ಲೇನ್ ಬದಲಿಸುವಾಗ ಕನ್ನಡಿ ನೋಡಬೇಕೆಂಬುದು ನೆನಪಿಗೆ ಬರುತ್ತಿರಲಿಲ್ಲ.

"ಮೇಡಂ, ಬೇಜಾರು ಮಾಡ್ಕೋಬೇಡಿ," ಎಂದರು ಮೇಷ್ಟ್ರು, ಕಾರನ್ನು ಬದಿಗೆ ನಿಲ್ಲಿಸಿ. "ಇಪ್ಪತ್ತಾರು ವರ್ಷ ಪಕ್ಕದಲ್ಲಿ ಕೂತು ನೀವು ನೋಡಿದ್ದಾದ್ರೂ ಏನು?"

ಲೈಬ್ರರಿ ಮೇಡಂ ಸ್ಟೀರಿಂಗ್ ಮೇಲೆ ಕೈಯಿಟ್ಟು ಯೋಚಿಸಿದರು. "ಅಂಗಡಿ ಬೋರ್ಡು ಓದ್ತಿದ್ದೆ. ಮರ ಗಿಡ. ಆಮೇಲೆ... ಹೆಚ್ಚಾಗಿ ಅವರ ಮುಖಾನೇ ನೋಡ್ತಿದ್ದೆ ಅನ್ಸುತ್ತೆ. ಗಾಡಿ ಹತ್ತಿದ್ರೆ ಅವರಿಗೆ ಮೂಗಿನ ತುದೀಲಿ ಕೋಪ. ಬಂತೋ ಇಲ್ವೋ ಅಂತ ನೋಡ್ತಾ ಇದ್ದೆ." ಹೇಳಿ ತಾವೇ ನಕ್ಕರು.

ಮೇಷ್ಟ್ರಿಗೆ ಆ ಮಾತಿನ ಅರ್ಧ ಮಾತ್ರ ತಲೆಗೆ ಹೋಯಿತು. ಸುಮ್ಮನೆ ನೋಡಿದರೆ ಸಾಲದು, ಏನನ್ನು ನೋಡಬೇಕೆಂದು ಗೊತ್ತಿರಬೇಕು! ಟೀವಿಯವರು ತೋರಿಸುವುದೇ ಚೆಂಡನ್ನು. ಚೆಂಡು ಹೋದಲ್ಲಿ ಕ್ಯಾಮೆರಾ. ಚೆಂಡನ್ನು ಬಿಟ್ಟು ನೋಡಲಾರದ ಹುಡುಗಿಗೆ ತಾನು ಒಂದು ವಾರ ಚೆಂಡನ್ನೇ ತೋರಿಸಿದ್ದೇನೆ. ತಲೆ ಚಚ್ಚಿಕೊಳ್ಳಬೇಕೆನಿಸಿತು.

ಭಾನುವಾರ ಬೆಳಿಗ್ಗೆ ಬುಗುರಿಯನ್ನು ಕರೆದುಕೊಂಡು ಬಟ್ಟೆ ಗಿರಣಿಯ ಮೈದಾನಕ್ಕೆ ಹೋದರು. ಅಲ್ಲಿ ಗಿರಣಿಯ ಹೆಂಗಸರ ತಂಡದ ಪಂದ್ಯ. ನೋಡುವವರು ಬೆರಳೆಣಿಕೆಯಷ್ಟು. ಕಟಕಟ ಎನ್ನುವ ಮರದ ಮೆಟ್ಟಿಲ ಮೇಲೆ ಅತಿ ಎತ್ತರದ ಸಾಲಿನಲ್ಲಿ ಕೂತರು.

"ಇವತ್ತು ಚೆಂಡು ನೋಡೋ ಹಾಗಿಲ್ಲ," ಎಂದರು ಮೇಷ್ಟ್ರು. "ಆ ಎಂಟನೇ ನಂಬರಿನವಳಿದಾಳಲ್ಲ, ಮಧ್ಯದಲ್ಲಿ ಆಡ್ತಾಳಲ್ಲ, ಅವಳೊಬ್ಬಳನ್ನೇ ನೋಡು. ಕತ್ತು ಎಷ್ಟು ಸಲ ತಿರುಗಿಸ್ತಾಳೆ ಎಣಿಸು."

ಎಂಟನೆಯ ನಂಬರಿನವಳು ಮೂವತ್ತು ದಾಟಿದ, ಸ್ವಲ್ಪ ದಪ್ಪಗಿನ ಹೆಂಗಸು. ಓಡುವುದು ಕಡಿಮೆ. ಆದರೆ ಚೆಂಡು ದೂರದಲ್ಲಿರುವಾಗಲೇ ಒಮ್ಮೆ ಎಡಭುಜದ ಮೇಲಿಂದ, ಒಮ್ಮೆ ಬಲಭುಜದ ಮೇಲಿಂದ ಹಿಂದೆ ನೋಡಿಬಿಡುತ್ತಿದ್ದಳು. ಚೆಂಡು ಕಾಲಿಗೆ ಬಂದಾಗ ಅವಳಿಗೆ ಅವಸರವೇ ಇರುತ್ತಿರಲಿಲ್ಲ. ಯಾರು ಎಲ್ಲಿದ್ದಾರೆಂದು ಮೊದಲೇ ಗೊತ್ತಿದ್ದಂತೆ ತಟ್ಟಿ ಕಳಿಸುತ್ತಿದ್ದಳು.

"ಹನ್ನೊಂದು," ಎಂದಳು ಬುಗುರಿ. "ಒಂದು ನಿಮಿಷಕ್ಕೆ ಹನ್ನೊಂದು ಸಲ ಅಪ್ಪ!" ಆಮೇಲೂ ಬಾಯಿ ಅರ್ಧ ತೆರೆದುಕೊಂಡು, ಉಗುರು ಕಚ್ಚುವುದನ್ನೂ ಮರೆತು ನೋಡುತ್ತಿದ್ದಳು.

"ನಾವು ಕಾರಲ್ಲಿ ಕನ್ನಡಿ ನೋಡ್ತೀವಲ್ಲ, ಅದೇ ಇದು," ಎಂದರು ಮೇಷ್ಟ್ರು ಉಬ್ಬಿ. "ಶನಿವಾರದ ಪಂದ್ಯದಲ್ಲಿ ನೀನೂ ಹಾಗೇ ಮಾಡ್ಬೇಕು. ನಾನು ಗೆರೆ ಹತ್ತಿರಾನೇ ನಿಂತಿರ್ತೀನಿ, ಎಣಿಸ್ತೀನಿ."

ಬುಗುರಿ ಹೂಂ ಎಂದಳು. ಉಗುರು ಮತ್ತೆ ಬಾಯಿಗೆ ಹೋಯಿತು. ಮೇಷ್ಟ್ರು ಅದನ್ನು ಗಮನಿಸಲಿಲ್ಲ.

ಶನಿವಾರ ಪಕ್ಕದ ಬಡಾವಣೆಯ ಹುಡುಗಿಯರೊಂದಿಗೆ ಅಭ್ಯಾಸ ಪಂದ್ಯ. ಮೇಷ್ಟ್ರು ಬದಿಯ ಗೆರೆಗೆ ಅಂಟಿಕೊಂಡಂತೆ ನಿಂತರು. ಕೈಯಲ್ಲಿ ಚೀಟಿ, ಪೆನ್ನು. ಬುಗುರಿ ಕತ್ತು ತಿರುಗಿಸಿದಾಗಲೆಲ್ಲ ಒಂದು ಗೀಟು. ಐದು, ಹತ್ತು, ಹದಿನೆಂಟು. ಗೀಟು ಏರಿದಂತೆ ಅವರ ಎದೆಯೂ ಉಬ್ಬುತ್ತಿತ್ತು. ಆದರೆ ಆಟ ಮಾತ್ರ ಹಳ್ಳ ಹಿಡಿದಿತ್ತು. ತಿರುಗಿ ನೋಡುವಷ್ಟರಲ್ಲಿ ಚೆಂಡು ಕಾಲಡಿಯಿಂದ ಜಾರಿಹೋಗುವುದು, ಪಾಸ್ ಎದುರಾಳಿಯ ಕಾಲಿಗೇ ಹೋಗುವುದು. ಹಿಂದೆ ಚೆಂಡಿಗಾಗಿ ಪ್ರಾಣ ಬಿಡುತ್ತಿದ್ದ ಹುಡುಗಿ ಈಗ ಒಂದು ಗಳಿಗೆ ತಡೆದು ಹೆಜ್ಜೆ ಇಡುತ್ತಿದ್ದಳು.

ಮೊದಲರ್ಧ ಮುಗಿಯಲು ಎರಡು ನಿಮಿಷವಿದ್ದಾಗ ಆದದ್ದು ಅದು. ಯಾರೋ ದೂರದಿಂದ ಬಲವಾಗಿ ಒದ್ದ ಚೆಂಡು ಬುಗುರಿಯ ಕಡೆಗೇ ಬರುತ್ತಿತ್ತು. ಅವಳ ಮುಖ ಆಚೆ ತಿರುಗಿತ್ತು. ಮೇಷ್ಟ್ರಿಗೆ ಬರುವುದು ಕಾಣಿಸಿತು. ಬಾಯಿ ತೆರೆದರು, ದನಿ ಹೊರಡಲಿಲ್ಲ. ಬುಗುರಿ ಇತ್ತ ತಿರುಗುವುದಕ್ಕೂ ಚೆಂಡು ಮುಖಕ್ಕೆ ಅಪ್ಪಳಿಸುವುದಕ್ಕೂ ಸರಿಹೋಯಿತು. ಫಟ್ ಎಂಬ ಸದ್ದು. ಹುಡುಗಿ ನೆಲಕ್ಕೆ ಕುಸಿದಳು. ಬಿಳಿ ಅಂಗಿಯ ಮೇಲೆ ರಕ್ತ.

ಮೇಷ್ಟ್ರು, ಹತ್ತೊಂಬತ್ತು ವರ್ಷ ಅನಾಹುತಗಳಿಗೆಂದೇ ಕಾದು ಕೂತಿದ್ದ ಮನುಷ್ಯ, ಅನಾಹುತ ಬಂದಾಗ ಕಂಬದಂತೆ ನಿಂತುಬಿಟ್ಟರು. ಕುಂಟು ಮಂಡಿಯ ಕೋಚ್ ಮೇಡಂ ಅವರನ್ನು ದಾಟಿ ಓಡಿದರು. ಮೂಗು ಒತ್ತಿ ಹಿಡಿದು, ತಲೆ ಮುಂದಕ್ಕೆ ಬಾಗಿಸಿ, ಬೆಂಚಿಗೆ ಕರೆತಂದರು. ಮೂಳೆಗೇನೂ ಆಗಿರಲಿಲ್ಲ. ಹತ್ತು ನಿಮಿಷದಲ್ಲಿ ರಕ್ತ ನಿಂತಿತು.

ಕೋಚ್ ಮೇಡಂ ಅವರನ್ನು ಮರದ ಕೆಳಗೆ ಕರೆದುಕೊಂಡು ಹೋದರು. ಅವರ ಕೈಯಲ್ಲಿದ್ದ ಚೀಟಿಯನ್ನು ನೋಡಿದರು. "ಎಷ್ಟಾಯ್ತು?"

"ಮೂವತ್ತೊಂದು," ಎಂದರು ಮೇಷ್ಟ್ರು.

"ನಾನೂ ಎಣಿಸ್ದೆ. ಸಂಖ್ಯೆ ಸರಿಯಾಗೇ ಇದೆ. ಅದರಲ್ಲಿ ಇಪ್ಪತ್ತಮೂರು ಸಲ ಅವಳು ನೋಡಿದ್ದು ನಿಮ್ಮ ಕಡೆಗೆ."

ಮೇಷ್ಟ್ರಿಗೆ ಅರ್ಥವಾಗಲಿಲ್ಲ.

"ಮೈದಾನ ಅಲ್ಲ ಮೇಷ್ಟ್ರೇ. ನಿಮ್ಮ ಮುಖ. ಪಾಸ್ ಕೊಟ್ಟ ಮೇಲೊಂದು ಸಲ, ತಪ್ಪಾದ್ರೆ ಎರಡು ಸಲ. ಈಗ ಚೆಂಡು ಬಡಿದಾಗಲೂ ಅವಳು ನಿಮ್ಮನ್ನೇ ನೋಡ್ತಾ ಇದ್ದಳು."

ಆಗ ಲೈಬ್ರರಿ ಮೇಡಂ ಹೇಳಿದ ಮಾತಿನ ಇನ್ನರ್ಧ ಮೇಷ್ಟ್ರ ತಲೆಗೆ ಹೋಯಿತು. ಕೈಯಲ್ಲಿದ್ದ ಚೀಟಿಯನ್ನು ಮುದುರಿ ಜೇಬಿಗೆ ತುರುಕಿಕೊಂಡರು.

ಮನೆಗೆ ಹೋಗುವಾಗ ಬುಗುರಿ ಮೂಗಿಗೆ ಹತ್ತಿ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ಮೇಷ್ಟ್ರು ಒಂದು ಖಾಲಿ ಬೀದಿಯಲ್ಲಿ ಕಾರು ನಿಲ್ಲಿಸಿದರು.

"ಬುಗುರಿ, ನಿಂಗೊಂದು ವಿಷಯ ಹೇಳ್ಬೇಕು. ಮೊದಲೇ ಹೇಳ್ಬೇಕಿತ್ತೇನೋ."

"ಹದಿನಾರರಲ್ಲಿ ನಾನಿಲ್ಲ. ಅದೇ ತಾನೇ?" ಹತ್ತಿಯಿಂದಾಗಿ ಅವಳ ದನಿ ನೆಗಡಿ ಬಂದವರ ದನಿಯಂತಿತ್ತು. "ನಂಗೊತ್ತು ಅಪ್ಪ. ಅವತ್ತು ಬೆಂಚಿನ ಹಿಂದೆ ಬಾಟಲಿ ಹುಡುಕ್ತಾ ಇದ್ದೆ. ಎಲ್ಲಾ ಕೇಳಿಸ್ತು."

ಮೇಷ್ಟ್ರು ಅವಳ ಕಡೆ ತಿರುಗಿದರು. "ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೆದರಿಕೋತೀಯ ಅಂತ."

ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅವರು ಮೂಲೆ ತಿರುಗುವವರೆಗೂ ಮೇಷ್ಟ್ರು ನೋಡುತ್ತಿದ್ದರು. ಕೊನೆಗೆ ಕೇಳಿದರು, "ಹಾಗಾದ್ರೆ ಟೀವಿ ನೋಡಿದ್ದೆಲ್ಲ ದಂಡಾನಾ?"

"ಟೀವಿ ಎಲ್ಲಿ ನೋಡ್ದೆ? ನಿನ್ನೇ ನೋಡ್ತಿದ್ದೆ. ನೀನು ಉಸ್ಸಪ್ಪಾ ಅಂದ್ರೆ ಯಾರೋ ತಪ್ಪು ಮಾಡಿದ್ರು ಅಂತ ಗೊತ್ತಾಗೋದು. ನಂಗೂ ಹಾಗೇ ಅಂತೀಯೇನೋ ಅಂತ ಹೆದರಿಕೆ ಆಗೋದು." ಹತ್ತಿ ಸರಿಪಡಿಸಿಕೊಂಡಳು. "ಆದ್ರೆ ಆ ಎಂಟನೇ ನಂಬರ್ ಅಕ್ಕನ್ನ ಮಾತ್ರ ನಿಜವಾಗ್ಲೂ ನೋಡ್ದೆ. ಅವಳು ಬರೀ ಕತ್ತು ತಿರುಗಿಸಲ್ಲ ಅಪ್ಪ. ಏನೋ ಹುಡುಕ್ತಾಳೆ. ಏನು ಅಂತ ಇನ್ನೂ ನಂಗೆ ಗೊತ್ತಾಗಿಲ್ಲ. ಇನ್ನೊಂದು ಸಲ ನೋಡ್ಬೇಕು."

"ನಾಳೇನೇ ಕರ್ಕೊಂಡು..."

"ನಾನೊಬ್ಬಳೇ."

ಮೇಷ್ಟ್ರ ಬಾಯಿಗೆ ಬಂದದ್ದು: ಎರಡು ದೊಡ್ಡ ರಸ್ತೆ ದಾಟಬೇಕು, ಗಿರಣಿಯ ಗೇಟಿನಲ್ಲಿ ಲಾರಿಗಳು ಹಿಂದಕ್ಕೆ ಬರುತ್ತವೆ, ಮರದ ಮೆಟ್ಟಿಲು ಕಟಕಟ ಎನ್ನುತ್ತದೆ. ಮೂರನ್ನೂ ನುಂಗಿಕೊಂಡು ಕಾರು ಸ್ಟಾರ್ಟ್ ಮಾಡಿದರು.

ಅಂದು ಹೆಂಡತಿಗೆ ಎಲ್ಲ ಹೇಳಿದರು. ಅವಳು ಮಗಳ ಮೂಗು ಒತ್ತಿ ನೋಡಿ, ಐಸ್ ಇಟ್ಟು, ಆಮೇಲೆ ಗಂಡನ ಕಡೆ ತಿರುಗಿ ಬೈಯಬೇಕಾದಷ್ಟು ಬೈದಳು. "ಮೂರು ಜನರ ಮನೇಲಿ ಇಬ್ಬರು ಗುಟ್ಟು ಇಟ್ಕೊಂಡ್ರೆ ನಾನು ಮಾತಾಡೋದು ಗೋಡೆ ಜೊತೇನಾ?" ಗಿರಣಿಯ ತಂಡ ದಿನಾ ಸಂಜೆ ಅಭ್ಯಾಸ ಮಾಡುವ ಆ ಮೈದಾನ ಔಷಧದಂಗಡಿಗೆ ಹತ್ತಿರ. ಸಂಜೆ ತಾನು ಅಂಗಡಿಯಿಂದ ಬರುವಾಗ ಬುಗುರಿಯನ್ನು ಕರೆದುಕೊಂಡು ಬರುವುದಾಗಿ ಹೇಳಿದಳು. ಹೋಗುವುದು ಮಾತ್ರ ಬುಗುರಿಯೊಬ್ಬಳೇ.

ಆ ವಾರ ಮೇಷ್ಟ್ರು ಪಟ್ಟ ಪಾಡು ಅವರಿಗೇ ಗೊತ್ತು. ಐದೂವರೆಯಾದರೆ ಸಾಕು, ಪಾಠದ ನಡುವೆ ಗಡಿಯಾರ ನೋಡುವುದು. ಈಗ ಮೊದಲ ರಸ್ತೆ ದಾಟುತ್ತಿರಬಹುದು, ಈಗ ಎರಡನೆಯದು. ಮನೆಗೆ ಬಂದ ಬುಗುರಿ ಒಂದೊಂದು ದಿನ ಒಂದೊಂದು ಮಾತು ಹೇಳುತ್ತಿದ್ದಳು. "ಅವಳು ಖಾಲಿ ಜಾಗ ಹುಡುಕ್ತಾಳೆ ಅಪ್ಪ, ಜನರನ್ನಲ್ಲ." ಇನ್ನೊಂದು ದಿನ: "ಚೆಂಡು ಇನ್ನೊಬ್ಬರ ಕಾಲಿಂದ ಹೊರಟ ಗಳಿಗೇಲೇ ಅವಳು ಹಿಂದೆ ನೋಡೋದು. ಆಗ ಚೆಂಡು ಹೇಗೂ ದಾರೀಲಿರುತ್ತಲ್ಲ, ಓಡಿಹೋಗಲ್ಲ." ಮೇಷ್ಟ್ರು ಹೂಂ ಎಂದರು. ಮುಖದಲ್ಲಿ ಏನೂ ತೋರಿಸದಿರಲು ಎಷ್ಟು ಕಷ್ಟವೆಂದರೆ ಕೆನ್ನೆಯೇ ನೋಯುತ್ತಿತ್ತು.

ಪಟ್ಟಿ ಪ್ರಕಟವಾಗುವ ಶನಿವಾರ ಬಂತು. ಬೆಳಿಗ್ಗೆ ಹುಡುಗಿಯರನ್ನು ಎರಡು ಗುಂಪು ಮಾಡಿ ಆಡಿಸುವುದು, ಆಮೇಲೆ ಹೆಸರು ಓದುವುದು. ಅದೇ ಹೊತ್ತಿಗೆ ಲೈಬ್ರರಿ ಮೇಡಂಗೆ ಲೈಸೆನ್ಸ್ ಟೆಸ್ಟ್. ಬೇರೆ ದಿನವಾಗಿದ್ದರೆ ಮೇಷ್ಟ್ರು ಟೆಸ್ಟನ್ನು ಮುಂದಕ್ಕೆ ಹಾಕಿಸುತ್ತಿದ್ದರು. ಈ ಸಲ ಸುಮ್ಮನಾದರು. ಬುಗುರಿ ಶೂ ಚೀಲ ಹೆಗಲಿಗೇರಿಸಿ, "ಬರ್ತೀನಿ," ಎಂದು ಬಾಗಿಲಲ್ಲಿ ಒಂದು ಕ್ಷಣ ನಿಂತಾಗ ಇವರು ಪೇಪರಿನಿಂದ ತಲೆ ಎತ್ತದೆ, "ಹುಷಾರು," ಎಂದರು. ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದು ತಿಳಿದದ್ದು ಅವಳು ಹೋದ ಮೇಲೆ.

ಟೆಸ್ಟ್ ನಡೆಯುವ ಜಾಗದಲ್ಲಿ ತಂತಿ ಬೇಲಿಯಾಚೆ ನಿಂತು ಲೈಬ್ರರಿ ಮೇಡಂ ಓಡಿಸುತ್ತಿದ್ದ ಕಾರನ್ನು ನೋಡುತ್ತಿದ್ದರೂ ಮೇಷ್ಟ್ರ ಕಣ್ಣಿಗೆ ಕಂಡದ್ದು ಇನ್ನೊಂದು ಮೈದಾನ. ಜೇಬಿನಲ್ಲಿದ್ದ ಫೋನನ್ನು ಹತ್ತು ಸಲ ಮುಟ್ಟಿ ನೋಡಿಕೊಂಡರು. ಮೇಡಂ ಕನ್ನಡಿ ಚೆನ್ನಾಗಿಯೇ ನೋಡಿದರು. ಆದರೆ ಹಿಂದಕ್ಕೆ ತೆಗೆದು ನಿಲ್ಲಿಸುವಾಗ ಒಂದು ಕಂಬಕ್ಕೆ ತಾಗಿಸಿದರು. ಮುಂದಿನ ತಿಂಗಳು ಮತ್ತೆ ಬನ್ನಿ ಎಂದರು ಅಧಿಕಾರಿ.

"ಮೇಷ್ಟ್ರೇ, ನಾನು ಫೇಲಾಗಿದ್ದಕ್ಕೆ ನೀವು ಯಾಕೆ ಬೆವರ್ತೀರಿ?" ಎಂದರು ಮೇಡಂ.

"ಬಿಸಿಲು," ಎಂದರು ಮೇಷ್ಟ್ರು. ಮೋಡ ಕವಿದಿತ್ತು.

ಮನೆಗೆ ಬಂದಾಗ ಬುಗುರಿ ಅಡುಗೆಮನೆಯ ಮೇಜಿನ ಮುಂದೆ ಕೆಸರು ಮಂಡಿಯಲ್ಲೇ ಕೂತಿದ್ದಳು. ಮುಖ ನೋಡಿ ಏನೂ ಹೇಳುವ ಹಾಗಿರಲಿಲ್ಲ. ಮೇಷ್ಟ್ರು ಏನೋ ಕೇಳಲು ಹೋಗಿ, "ಊಟ ಆಯ್ತಾ?" ಎಂದರು.

"ಅಪ್ಪ, ಇಲ್ಲಿ ಬಾ, ತೋರಿಸ್ತೀನಿ." ಲೋಟ, ಚಮಚ, ಉಪ್ಪಿನ ಡಬ್ಬಿ, ಅಮ್ಮನ ಕನ್ನಡಕ ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡಳು. "ಇದು ನಾನು. ಇವಳು ನಮ್ಮ ಕಡೆಯ ಉದ್ದ ಜಡೆಯವಳು, ಇಲ್ಲಿದ್ಲು. ಇಲ್ಲಿ ಇಬ್ಬರು ನನ್ನ ಮೇಲೆ ಬರ್ತಾ ಇದ್ರು. ಅಂದ್ರೆ ಅವರು ಬಿಟ್ಟು ಬಂದ ಜಾಗ ಖಾಲಿ ಅಲ್ವಾ? ಅದನ್ನ ನಾನು ಮೊದಲೇ ನೋಡಿದ್ದೆ." ಉಪ್ಪಿನ ಡಬ್ಬಿ ಸರಿಯಿತು, ಚಮಚ ಓಡಿತು. ಎರಡು ಸಲ ತಾನು ಚೆಂಡು ಕಳೆದುಕೊಂಡದ್ದನ್ನೂ ಇಟ್ಟು ತೋರಿಸಿದಳು, ಏಕೆ ಕಳೆದುಕೊಂಡೆನೆಂಬುದನ್ನೂ. ಇಪ್ಪತ್ತು ನಿಮಿಷದ ಆಟದಲ್ಲಿ ಯಾರು ಎಲ್ಲಿದ್ದರೆಂಬುದು ಅವಳಿಗೆ ಒಂದೊಂದಾಗಿ ನೆನಪಿತ್ತು. ಮೇಷ್ಟ್ರು ಬೆಕ್ಕಸಬೆರಗಾಗಿ ನೋಡುತ್ತ, ಕೇಳಬೇಕಾದ ಮಾತನ್ನೇ ಮರೆತರು.

ಕೇಳಿದವಳು ಹೆಂಡತಿ. "ಪಟ್ಟಿ ಏನಾಯ್ತೇ?"

"ಓ, ಅದಾ? ಇದೀನಿ. ಹದಿನೈದನೇ ಹೆಸರು." ಚಮಚವನ್ನು ಇನ್ನೊಂದು ಬದಿಗಿಟ್ಟಳು. "ಆದ್ರೆ ಬದಲಿ. ಸದ್ಯಕ್ಕೆ ಬೆಂಚಲ್ಲಿ ಕೂತು ಆಟ ನೋಡು ಅಂದ್ರು ಕೋಚ್."

"ಬೇಜಾರಾಯ್ತಾ?" ಎಂದರು ಮೇಷ್ಟ್ರು, ತಡೆಯಲಾರದೆ.

"ಸ್ವಲ್ಪ. ನೋಡಿ ನೋಡಿ ಸಾಕಾಗಿದೆ, ಆಡ್ಬೇಕು ನಂಗೆ."

"ಪಂದ್ಯಕ್ಕೆ ನಾನು ಬರ್ಲಾ?"

ಬುಗುರಿ ಉಪ್ಪಿನ ಡಬ್ಬಿಯನ್ನು ಮೇಜಿನ ಅಂಚಿಗೆ ಸರಿಸಿದಳು. "ಮೂರು ಪಂದ್ಯ ಬೇಡ. ನಾಲ್ಕನೇದಕ್ಕೆ ಬಾ. ಗೆರೆ ಹತ್ತಿರ ಅಲ್ಲ, ಆಚೆ ಬೇಲಿ ಹತ್ತಿರ."

ಮೇಷ್ಟ್ರು ಮೂರು ಶನಿವಾರ ಮನೆಯಲ್ಲೇ ಶತಪಥ ಹಾಕಿದರು. ನಾಲ್ಕನೆಯ ಪಂದ್ಯಕ್ಕೆ ಹೋಗಿ ಹೇಳಿದ ಜಾಗದಲ್ಲೇ, ಬೇಲಿಗೆ ಬೆನ್ನು ಕೊಟ್ಟು ನಿಂತರು. ಮುಗಿಯಲು ಹನ್ನೆರಡು ನಿಮಿಷವಿದ್ದಾಗ ಕೋಚ್ ಮೇಡಂ ಬುಗುರಿಯನ್ನು ಒಳಗೆ ಕಳಿಸಿದರು. ಚೆಂಡು ಇನ್ನೂ ಆಚೆ ಬದಿಯಲ್ಲಿತ್ತು. ಅವಳು ಎಡಭುಜದ ಮೇಲಿಂದ ನೋಡಿದಳು, ಬಲಭುಜದ ಮೇಲಿಂದ ನೋಡಿದಳು. ಆ ನೋಟ ಒಮ್ಮೆ ಮೇಷ್ಟ್ರ ಮೇಲೂ ಹಾಯಿತು. ಕಂಬದ ಮೇಲೆ, ಮರದ ಮೇಲೆ ಹಾಯುವ ಹಾಗೆಯೇ ಹಾಯ್ದು ಮುಂದೆ ಹೋಯಿತು. ಮೇಷ್ಟ್ರ ಎದೆಯಲ್ಲಿ ಚಿಕ್ಕದಾಗಿ ಏನೋ ಚುಚ್ಚಿತು. ಅಷ್ಟರಲ್ಲಿ ಚೆಂಡು ಬಂತು, ಅವಳು ನಿಲ್ಲಿಸದೆಯೇ ತಟ್ಟಿದಳು. ಎದುರಿನ ಇಬ್ಬರ ನಡುವಿನಿಂದ ಅದು ಉದ್ದ ಜಡೆಯವಳ ಕಾಲಿಗೆ ಹೋಯಿತು. ಗೋಲೇನೂ ಆಗಲಿಲ್ಲ, ಉದ್ದ ಜಡೆಯವಳು ಗೋಲಿನ ಅಡ್ಡಕಂಬದ ಮೇಲಿಂದ ಆಚೆ ಹೊಡೆದಳು. ಆ ಹೊತ್ತಿಗೆ ಬುಗುರಿ ಮತ್ತೆ ಕತ್ತು ತಿರುಗಿಸಿ ತನ್ನ ಜಾಗ ಹುಡುಕುತ್ತಿದ್ದಳು.